ಸಾಲಿನಲ್ಲಿ ಮೊದಲು ಯಾರು?

ಏಪ್ರಿಲ್, ಆಗಸ್ಟ್, ಡಿಸೆಂಬರ್, ಫೆಬ್ರವರಿ, ಜನವರಿ, ಜುಲೈ, ಜೂನ್, ಮಾರ್ಚ್, ಮೇ, ನವೆಂಬರ್, ಅಕ್ಟೋಬರ್, ಸೆಪ್ಟೆಂಬರ್... ಇದು ಯಾವ ಪಂಚಾಂಗ ಸ್ವಾಮಿ ಅಂತ ಕೇಳಬೇಡಿ. ಆಫೀಸಿನಲ್ಲಿ ರಿಪೋರ್ಟು ನೋಡುವ ಕರ್ಮ ಹಣೆಯಲ್ಲಿ ಬರೆದಿರುವವರಿಗೆಲ್ಲ ಈ ಪಂಚಾಂಗದ ಪರಿಚಯ ಇದ್ದೇ ಇದೆ. ಹನ್ನೆರಡು ತಿಂಗಳನ್ನು ಎ ಬಿ ಸಿ ಡಿ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸಿಗುವ ವರ್ಷ ಇದು. ಇದಕ್ಕೆ ಯುಗಾದಿಯೂ ಇಲ್ಲ, ನ್ಯೂ ಇಯರೂ ಇಲ್ಲ. ವರ್ಷ ಶುರುವಾಗುವುದೇ ಏಪ್ರಿಲ್ ಫೂಲ್ ದಿನ!

ನನ್ನ ಹೊಟ್ಟೆಪಾಡಿನ ವೃತ್ತಿಗೆ ಬಿಸಿನೆಸ್ ಇಂಟೆಲಿಜೆನ್ಸ್ ಎಂದು ಹೆಸರು. ಕೇಳಿದರೆ ಪತ್ತೇದಾರಿ ಕಾದಂಬರಿ ನೆನಪಾಗಬಹುದು. ಕೆಲಸ ಮಾತ್ರ ಕಂಪನಿಯ ಡೇಟಾಬೇಸಿನಲ್ಲಿ ಬಿದ್ದಿರುವ ರಾಶಿ ರಾಶಿ ಮಾಹಿತಿಯನ್ನು ಬಾಚಿ ತಂದು, ಟೇಬಲ್ಲು, ಚಾರ್ಟು ಮಾಡಿ ಮೇಲಿನವರ ಮುಂದೆ ಇಡುವುದು. ಈ ವೃತ್ತಿಯಲ್ಲಿ ಯಾರೂ ಹೊಗಳದ, ಆದರೆ ತಪ್ಪಿದರೆ ಎಲ್ಲರೂ ಬೈಯುವ ಒಂದು ಸಣ್ಣ ಕೆಲಸವಿದೆ. ಟೇಬಲ್ಲಿನ ಸಾಲುಗಳನ್ನು ಯಾವ ಕ್ರಮದಲ್ಲಿ ನಿಲ್ಲಿಸಬೇಕು ಅನ್ನುವುದು. ಇಂಗ್ಲಿಷಿನಲ್ಲಿ ಕಸ್ಟಮ್ ಸಾರ್ಟ್ ಅನ್ನುತ್ತಾರೆ. ಈ ಬಾರಿ ಅದರ ಬಗ್ಗೆ ನಾಲ್ಕು ಮಾತು. ಸಾಫ್ಟ್‌ವೇರಿನ ವಿಷಯ ಅಂತ ಪುಟ ತಿರುವಬೇಡಿ, ದಾರಿಯಲ್ಲಿ ಬಾಳೆಲೆ ಊಟ, ಅಧಿಕಮಾಸ, ಚುನಾವಣೆ ಎಲ್ಲವೂ ಸಿಗಲಿವೆ.

ಕಂಪ್ಯೂಟರಿಗೆ ತಿಂಗಳು ಗೊತ್ತಿಲ್ಲ

ಕಂಪ್ಯೂಟರಿನ ಕಣ್ಣಿಗೆ ಜನವರಿ ಎಂಬುದು ಕೆಲವು ಅಕ್ಷರಗಳ ಸಾಲು, ಅಷ್ಟೇ. ಅದು ಚಳಿಗಾಲದಲ್ಲಿ ಬರುತ್ತದೆ, ಅದರಲ್ಲಿ ಸಂಕ್ರಾಂತಿ ಇದೆ, ಅದಾದ ಮೇಲೆ ಫೆಬ್ರವರಿ ಬರುತ್ತದೆ ಎಂಬ ಲೋಕಜ್ಞಾನ ಅದಕ್ಕಿಲ್ಲ. ನಾವು ಬೇರೆ ಏನೂ ಹೇಳದಿದ್ದರೆ ತನಗೆ ಗೊತ್ತಿರುವ ಒಂದೇ ಕ್ರಮದಲ್ಲಿ, ಅಂದರೆ ಅಕ್ಷರಗಳ ಕ್ರಮದಲ್ಲಿ, ಜೋಡಿಸಿಬಿಡುತ್ತದೆ. ಅಂಕಿಗಳನ್ನು ಅಕ್ಷರಗಳಂತೆ ಕೂಡಿಟ್ಟಿದ್ದರೆ ಇನ್ನೂ ತಮಾಷೆ. 1 ಆದ ಮೇಲೆ 10, 11, 12, ಅವೆಲ್ಲ ಮುಗಿದ ಮೇಲೆ 2! ಮೊದಲ ಅಕ್ಷರ 1 ಇರುವುದೆಲ್ಲ ಮುಂದೆ, 2 ಇರುವುದೆಲ್ಲ ಹಿಂದೆ. ಅದರ ತರ್ಕ ಅದಕ್ಕೆ ಸರಿ.

ಕನ್ನಡದಲ್ಲಿ ಬರೆದರೆ ಕಥೆ ಬದಲಾಗುವುದಿಲ್ಲ. ವಾರಗಳನ್ನು ಅಕಾರಾದಿಯಾಗಿ ಬರೆದು ನೋಡಿ: ಗುರುವಾರ, ಬುಧವಾರ, ಭಾನುವಾರ, ಮಂಗಳವಾರ, ಶನಿವಾರ, ಶುಕ್ರವಾರ, ಸೋಮವಾರ. ಗುರುವಿನ ಮರುದಿನ ಬುಧ, ಶನಿಯ ಮರುದಿನ ಶುಕ್ರ. ಜ್ಯೋತಿಷಿಗಳು ಗಾಬರಿಯಾಗಬೇಕು!

ಬಾಳೆಲೆಯ ಮುಂದೆ ಕೂತಿದ್ದೀರಿ ಅಂದುಕೊಳ್ಳಿ. ಬಡಿಸುವವರು ಅಕಾರಾದಿ ಹಿಡಿದು ಹೊರಟರೆ ಮೊದಲು ಅನ್ನ, ಆಮೇಲೆ ಉಪ್ಪಿನಕಾಯಿ, ಉಪ್ಪು, ಕೋಸಂಬರಿ, ತುಪ್ಪ, ತೊವ್ವೆ, ಪಲ್ಯ, ಪಾಯಸ, ಮಜ್ಜಿಗೆ, ಸಾರು, ಹುಳಿ. ಎಲ್ಲ ಪದಾರ್ಥವೂ ಬಂದಿದೆ, ಒಂದೂ ಬಿಟ್ಟುಹೋಗಿಲ್ಲ. ಆದರೂ ಮಜ್ಜಿಗೆ ಆದ ಮೇಲೆ ಸಾರು ಬಡಿಸುವ ಮನೆಯಲ್ಲಿ ಯಾರೂ ಎರಡನೇ ಸಲ ಊಟಕ್ಕೆ ಕೂರುವುದಿಲ್ಲ. ಊಟಕ್ಕೆ ತನ್ನದೇ ಆದ ಕ್ರಮವಿದೆ. ಅದನ್ನು ಬಲ್ಲವರು ಅಡುಗೆಯವರು ಮತ್ತು ಉಣ್ಣುವವರು. ಟೇಬಲ್ಲಿನ ಗತಿಯೂ ಅದೇ. ಮಾಹಿತಿ ಪೂರ್ತಿ ಸರಿಯಿದ್ದೂ ಬಡಿಸಿದ ಕ್ರಮ ಕೆಟ್ಟರೆ ಓದುವವರಿಗೆ ದಕ್ಕುವುದಿಲ್ಲ.

ತಮಾಷೆ ಮುಗಿಯುವ ಜಾಗ

ನಾನು ಕೆಲಸ ಮಾಡುವುದು ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಹೈವೇ 101ರಲ್ಲಿ ಏರ್‌ಪೋರ್ಟಿನ ಕಡೆ ಹೋಗುವಾಗ ಗುಡ್ಡದ ಮೇಲೆ ದೊಡ್ಡ ಬಿಳಿ ಅಕ್ಷರಗಳಲ್ಲಿ ‘ದಿ ಇಂಡಸ್ಟ್ರಿಯಲ್ ಸಿಟಿ’ ಎಂದು ಬರೆದಿರುವುದನ್ನು ನೀವೆಲ್ಲ ನೋಡಿರುತ್ತೀರಿ. ಆ ಅಕ್ಷರಗಳನ್ನು ನಿಲ್ಲಿಸಿದ 1920ರ ದಶಕದಲ್ಲಿ ಇಲ್ಲಿದ್ದದ್ದು ಮಾಂಸ ಸಂಸ್ಕರಣೆ, ಉಕ್ಕಿನಂಥ ಉದ್ಯಮಗಳು. 1976ರಲ್ಲಿ ಜೆನೆಂಟೆಕ್ ಹುಟ್ಟಿದ ಮೇಲೆ ಒಂದರ ಹಿಂದೆ ಒಂದು ಔಷಧ ಸಂಶೋಧನೆಯ ಕಂಪನಿಗಳು ಬಂದು, ಈಗ ಕೊಲ್ಲಿಯ ದಡದ ತುಂಬ ಬಯೋಟೆಕ್ ಕಟ್ಟಡಗಳೇ. ಇಂಥ ಕಡೆ ರಿಪೋರ್ಟು ಅಂದರೆ ಬರೀ ಲಾಭ ನಷ್ಟದ ಲೆಕ್ಕವಲ್ಲ. ಹೊಸ ಔಷಧವನ್ನು ಜನರ ಮೇಲೆ ಪ್ರಯೋಗಿಸಿದಾಗ ಯಾರಿಗೆ ಏನು ತೊಂದರೆಯಾಯಿತು ಎಂಬ ಲೆಕ್ಕವೂ ಅದರಲ್ಲಿರುತ್ತದೆ.

ಆ ತೊಂದರೆಗಳ ತೀವ್ರತೆಯನ್ನು ಮೈಲ್ಡ್, ಮಾಡರೇಟ್, ಸಿವಿಯರ್ ಎಂದು ವಿಂಗಡಿಸುವುದು ರೂಢಿ. ನಮ್ಮ ಮಾತಿನಲ್ಲಿ ಸೌಮ್ಯ, ಮಧ್ಯಮ, ತೀವ್ರ. ಇಲ್ಲೊಂದು ವಿಚಿತ್ರ ನೋಡಿ. ಇಂಗ್ಲಿಷಿನ ಈ ಮೂರು ಪದಗಳನ್ನು ಅಕ್ಷರಕ್ರಮದಲ್ಲಿ ಇಟ್ಟರೂ ಸರಿಯಾದ ಕ್ರಮವೇ ಬರುತ್ತದೆ! ಎಂ-ಐ, ಎಂ-ಓ, ಎಸ್. ಇದು ಬರೀ ಅದೃಷ್ಟ. ಈ ಅದೃಷ್ಟ ನಂಬಿ ಕೂತರೆ ಅಪಾಯ ಕಾದಿರುತ್ತದೆ. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಮಾಡಿರುವ ಶ್ರೇಣಿಯಲ್ಲಿ ಐದು ಮೆಟ್ಟಿಲುಗಳಿವೆ: 1 ಸೌಮ್ಯ, 2 ಮಧ್ಯಮ, 3 ತೀವ್ರ, 4 ಪ್ರಾಣಾಪಾಯ, 5 ಸಾವು. ಇಂಗ್ಲಿಷಿನಲ್ಲಿ ಪ್ರಾಣಾಪಾಯದ ಪದ ಎಲ್ ಅಕ್ಷರದಿಂದ, ಸಾವಿನ ಪದ ಡಿ ಅಕ್ಷರದಿಂದ ಶುರು. ತೀವ್ರವಾದದ್ದು ಮೇಲೆ ಬರಲಿ ಎಂದು ಕಾಲಂನ ತಲೆಯ ಮೇಲೆ ಕ್ಲಿಕ್ ಮಾಡಿ ಇಳಿಕೆಯ ಕ್ರಮಕ್ಕೆ ತಿರುಗಿಸಿದಿರಿ ಅನ್ನಿ. ಮೇಲಿಂದ ಸಿಗುವುದು ತೀವ್ರ, ಮಧ್ಯಮ, ಸೌಮ್ಯ. ನೋಡಲು ಎಷ್ಟು ಸರಿಯಾಗಿದೆ! ಅದರ ಕೆಳಗೆ ಪ್ರಾಣಾಪಾಯ, ಎಲ್ಲಕ್ಕಿಂತ ಕೆಳಗೆ ಸಾವು. ಪರದೆಯಲ್ಲಿ ಮೊದಲ ಕೆಲವು ಸಾಲು ಮಾತ್ರ ಕಾಣುವ ಹಾಗಿದ್ದರೆ, ಅವಸರದಲ್ಲಿ ನೋಡುವ ವೈದ್ಯರ ಕಣ್ಣಿಗೆ ಬೀಳಲೇಬೇಕಾದ ಸಾಲು ಬೀಳುವುದೇ ಇಲ್ಲ. ಸಂಖ್ಯೆ ತಪ್ಪಿಲ್ಲ, ಮಾಹಿತಿ ಬಿಟ್ಟಿಲ್ಲ, ಆದರೂ ಆ ಟೇಬಲ್ ಸುಳ್ಳು ಹೇಳಿದ ಹಾಗೆಯೇ.

ಅದೇ ರಿಪೋರ್ಟನ್ನು ಕನ್ನಡಕ್ಕೆ ತಂದರೆ ಅಕಾರಾದಿಯಲ್ಲಿ ತೀವ್ರ, ಪ್ರಾಣಾಪಾಯ, ಮಧ್ಯಮ, ಸಾವು, ಸೌಮ್ಯ ಎಂದು ಬರುತ್ತದೆ. ಭಾಷೆ ಬದಲಾದ ಕೂಡಲೇ ಕ್ರಮ ಬದಲಾಯಿತು. ಕಾಯಿಲೆ ಮಾತ್ರ ಅದೇ ಇದೆ. ಅಂದಮೇಲೆ ತೀವ್ರತೆಯ ಕ್ರಮ ಪದದ ಒಳಗಿಲ್ಲ, ಅದನ್ನು ತಿಳಿದವರ ತಲೆಯೊಳಗಿದೆ ಎಂದಾಯಿತು. ತಲೆಯೊಳಗಿರುವುದನ್ನು ಡೇಟಾಬೇಸಿಗೆ ಇಳಿಸುವುದು ಹೇಗೆ?

ಪಕ್ಕದಲ್ಲೊಂದು ಅಂಕಿ

ಉಪಾಯ ಬಹಳ ಹಳೆಯದು, ಬಹಳ ಸರಳ. ಪ್ರತಿ ಹೆಸರಿನ ಪಕ್ಕದಲ್ಲಿ ಒಂದು ಅಂಕಿ ಬರೆಯುವುದು. ಸೌಮ್ಯಕ್ಕೆ 1, ಮಧ್ಯಮಕ್ಕೆ 2, ಹೀಗೆ. ಓದುವವರಿಗೆ ತೋರಿಸುವುದು ಹೆಸರಿನ ಕಾಲಂ, ಸಾಲು ನಿಲ್ಲಿಸುವುದು ಅಂಕಿಯ ಕಾಲಂ. ನಾಟಕದಲ್ಲಿ ಪರದೆಯ ಹಿಂದೆ ನಿಂತು ಮಾತು ಜ್ಞಾಪಿಸುವವರಿರುತ್ತಾರಲ್ಲ, ಹಾಗೆ ಈ ಅಂಕಿ. ಪ್ರೇಕ್ಷಕರಿಗೆ ಕಾಣುವುದಿಲ್ಲ, ಅವರಿಲ್ಲದೆ ನಾಟಕ ನಡೆಯುವುದಿಲ್ಲ.

ಎಲ್ಲ ಸಾಫ್ಟ್‌ವೇರುಗಳೂ ಇದನ್ನೇ ಬೇರೆ ಬೇರೆ ಹೆಸರಲ್ಲಿ ಕೊಟ್ಟಿವೆ. ಎಕ್ಸೆಲ್‌ನಲ್ಲಿ ಕಸ್ಟಮ್ ಲಿಸ್ಟ್ ಎಂದಿದೆ. ಇಂಗ್ಲಿಷಿನ ತಿಂಗಳು, ವಾರಗಳ ಪಟ್ಟಿಯನ್ನು ಅದರಲ್ಲಿ ಮೊದಲೇ ತುಂಬಿಟ್ಟಿದ್ದಾರೆ, ನಮ್ಮ ಪಟ್ಟಿ ಬೇಕಿದ್ದರೆ ನಾವು ಸೇರಿಸಿಕೊಳ್ಳಬೇಕು. 2015ರಲ್ಲಿ ಬಂದ ಮೈಕ್ರೋಸಾಫ್ಟಿನ ಪವರ್ ಬಿಐಯಲ್ಲಿ ‘ಸಾರ್ಟ್ ಬೈ ಕಾಲಂ’ ಎಂಬ ಬಟನ್ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ 2003ರಲ್ಲಿ ಕಂಪನಿಯಾಗಿ ಹುಟ್ಟಿ, 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸೇಲ್ಸ್‌ಫೋರ್ಸ್ ಕೊಂಡುಕೊಂಡ ಟ್ಯಾಬ್ಲೋದಲ್ಲಿ ಹೆಸರುಗಳನ್ನು ಮೌಸಿನಿಂದ ಎಳೆದು ಬೇಕಾದ ಕಡೆ ಕೂರಿಸಬಹುದು. ನಮ್ಮ ಪಕ್ಕದ ಸ್ಯಾನ್ ಮಟೇಯೋದಲ್ಲಿದ್ದ ಸೀಬೆಲ್ ಕಂಪನಿಯನ್ನು 2006ರಲ್ಲಿ ಒರಾಕಲ್ ನುಂಗಿತಷ್ಟೆ. ಆ ಸೀಬೆಲ್ ಅನಲಿಟಿಕ್ಸೇ ಮುಂದೆ ಒರಾಕಲ್ ಬಿಐ ಆಯಿತು. ಅದರಲ್ಲಿ ಇದಕ್ಕೆ ‘ಸಾರ್ಟ್ ಆರ್ಡರ್ ಕಾಲಂ’ ಎಂದು ಹೆಸರು. ಯಾವ ಸಾಫ್ಟ್‌ವೇರೂ ಇಲ್ಲದೆ ಬರೀ ಎಸ್‌ಕ್ಯೂಎಲ್ ಬರೆಯುವವರು ‘ಆರ್ಡರ್ ಬೈ ಕೇಸ್’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ಎಳೆದು ಕೂರಿಸುವುದು ಸುಲಭ, ಆದರೆ ಆ ಕ್ರಮ ಉಳಿಯುವುದು ಆ ಒಂದು ರಿಪೋರ್ಟಿನಲ್ಲಿ ಮಾತ್ರ. ನಾಳೆ ಇನ್ನೊಬ್ಬರು ಇನ್ನೊಂದು ರಿಪೋರ್ಟು ಮಾಡಿದಾಗ ಮತ್ತೆ ಏಪ್ರಿಲ್ಲೇ ಮೊದಲು. ಅಂಕಿಯ ಕಾಲಂ ಡೇಟಾದ ಜೊತೆಗೇ ಇದ್ದರೆ ಎಲ್ಲ ರಿಪೋರ್ಟಿಗೂ ಒಂದೇ ಕ್ರಮ. ಔಷಧ ಪ್ರಯೋಗಗಳ ಡೇಟಾಗೆ ಸಿಡಿಸ್ಕ್ ಎಂಬ ಸಂಸ್ಥೆ ಹಾಕಿಕೊಟ್ಟ ಮಾನದಂಡದಲ್ಲಿ ಇದನ್ನು ಶಿಸ್ತಾಗಿ ಮಾಡಿದ್ದಾರೆ. ರೋಗಿ ಆಸ್ಪತ್ರೆಗೆ ಬಂದ ಭೇಟಿಯ ಹೆಸರಿಗೆ ‘ವಿಸಿಟ್’ ಎಂಬ ಕಾಲಂ, ಅದರ ಜೊತೆಗೆ ‘ವಿಸಿಟ್‌ನಮ್’ ಎಂಬ ಅಂಕಿಯ ಕಾಲಂ. ಈ ಎರಡನೆಯದು ಇರುವುದೇ ಸಾಲು ನಿಲ್ಲಿಸಲಿಕ್ಕೆ. ಹಾಗಾಗಿ ಹತ್ತನೇ ವಾರದ ಭೇಟಿ ಎರಡನೇ ವಾರಕ್ಕಿಂತ ಮೊದಲು ಬರುವ ಪವಾಡ ಅಲ್ಲಿ ನಡೆಯುವುದಿಲ್ಲ.

ಪ್ರಭವ ನಾಮ ಸಂವತ್ಸರದ ತಕರಾರು

ಈ ಬಟನ್ ಒತ್ತಿದವರಿಗೆಲ್ಲ ಒಂದಲ್ಲ ಒಂದು ದಿನ ಪವರ್ ಬಿಐ ಒಂದು ತಕರಾರು ತೆಗೆಯುತ್ತದೆ. ಒಂದು ಹೆಸರಿಗೆ ಒಂದಕ್ಕಿಂತ ಹೆಚ್ಚು ಅಂಕಿ ಇರುವ ಹಾಗಿಲ್ಲ ಎಂಬುದು ಅದರ ಸಾರಾಂಶ. ಇದು ಯಾಕೆ ಎಂದು ತಿಳಿಯಲು ನಮ್ಮ ಸಂವತ್ಸರಗಳಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಪ್ರಭವದಿಂದ ಶುರುವಾಗುವ ಅರವತ್ತು ಸಂವತ್ಸರಗಳಿವೆ. ಮನೆಯ ವಂಶಾವಳಿಯನ್ನು ಟೇಬಲ್ ಮಾಡಲು ಹೊರಟಿದ್ದೀರಿ. ತಾತ ಹುಟ್ಟಿದ್ದು 1927ರ ಪ್ರಭವ ಸಂವತ್ಸರದಲ್ಲಿ, ಮೊಮ್ಮಗಳು ಹುಟ್ಟಿದ್ದು 1987ರ ಪ್ರಭವದಲ್ಲಿ. ಸಂವತ್ಸರದ ಹೆಸರನ್ನು ಇಸವಿಯ ಪ್ರಕಾರ ಜೋಡಿಸು ಎಂದರೆ ಕಂಪ್ಯೂಟರು ಕೇಳುತ್ತದೆ: ಪ್ರಭವ ಅನ್ನುವ ಒಂದೇ ಹೆಸರಿಗೆ 1927 ಅನ್ನುತ್ತೀರಿ, 1987 ಅನ್ನುತ್ತೀರಿ, ಅದನ್ನು ನಾನು ಎಲ್ಲಿ ನಿಲ್ಲಿಸಲಿ? ನ್ಯಾಯವಾದ ಪ್ರಶ್ನೆ. ಎರಡು ಉತ್ತರಗಳಿವೆ. ಚಕ್ರದೊಳಗಿನ ಸ್ಥಾನ ಸಾಕು ಅಂದರೆ ಅಂಕಿ 1ರಿಂದ 60ರವರೆಗೆ ಇರಲಿ. ಆಗ ತಾತ ಮೊಮ್ಮಗಳು ಒಂದೇ ಸಾಲಿಗೆ ಸೇರುತ್ತಾರೆ. ಬೇರೆ ಬೇರೆ ಸಾಲು ಬೇಕೆಂದರೆ ಹೆಸರನ್ನೇ ‘ಪ್ರಭವ 1927’, ‘ಪ್ರಭವ 1987’ ಎಂದು ಬೇರೆ ಮಾಡಬೇಕು.

ಆಫೀಸಿನಲ್ಲಿ ಇದೇ ಸಮಸ್ಯೆ ತಿಂಗಳಿನ ವೇಷದಲ್ಲಿ ಬರುತ್ತದೆ. ಜನವರಿ ಎಂಬ ಹೆಸರಿಗೆ ಇಸವಿ ಮತ್ತು ತಿಂಗಳು ಸೇರಿದ 202401, 202501 ಎಂಬ ಅಂಕಿಗಳನ್ನು ಕೊಟ್ಟರೆ ಅದೇ ತಕರಾರು, ಅದೇ ಎರಡು ಪರಿಹಾರ. ಹಾಗೆಯೇ ಇನ್ನೊಂದು ಎಚ್ಚರಿಕೆ: ಹೆಸರಿನ ಕಾಲಂನಿಂದಲೇ ಲೆಕ್ಕ ಹಾಕಿ ಅಂಕಿಯ ಕಾಲಂ ಮಾಡಿ, ಅದರಿಂದ ಮತ್ತೆ ಹೆಸರನ್ನು ಜೋಡಿಸು ಅಂದರೆ ಪವರ್ ಬಿಐ ಒಪ್ಪುವುದಿಲ್ಲ. ಇವನನ್ನು ಕೇಳಿದರೆ ಅವನ ಕಡೆ, ಅವನನ್ನು ಕೇಳಿದರೆ ಇವನ ಕಡೆ ಕೈ ತೋರಿಸುವ ಸರ್ಕಾರಿ ಕಚೇರಿಯ ಹಾಗಾಗುತ್ತದೆ. ಅಂಕಿಯನ್ನು ಮೂಲ ಟೇಬಲ್ಲಿನಲ್ಲೇ ಬರೆದಿಡುವುದು ಕ್ಷೇಮ.

ಅಧಿಕಮಾಸಕ್ಕೆ ಜಾಗ ಬಿಡಿ

ಚೈತ್ರ 1, ವೈಶಾಖ 2, ಜ್ಯೇಷ್ಠ 3, ಆಷಾಢ 4, ಶ್ರಾವಣ 5... ಹೀಗೆ ನಂಬರ್ ಕೊಟ್ಟು ನಿಶ್ಚಿಂತೆಯಿಂದ ಇದ್ದಿರಿ ಅನ್ನಿ. 2023ರಲ್ಲಿ ಅಧಿಕ ಶ್ರಾವಣ ಬಂತು. ನಿಜ ಶ್ರಾವಣಕ್ಕಿಂತ ಮುಂಚೆ, ಆಷಾಢ ಆದ ಮೇಲೆ. ನಾಲ್ಕಕ್ಕೂ ಐದಕ್ಕೂ ನಡುವೆ ಯಾವ ನಂಬರ್ ಕೊಡುತ್ತೀರಿ? 2020ರಲ್ಲಿ ಬಂದದ್ದು ಅಧಿಕ ಆಶ್ವಯುಜ. ಹೆಚ್ಚುಕಡಿಮೆ ಮೂವತ್ತೆರಡು, ಮೂವತ್ತಮೂರು ತಿಂಗಳಿಗೊಮ್ಮೆ ಈ ಅತಿಥಿ ಬರುತ್ತಾನೆ, ಬಂದಾಗಲೆಲ್ಲ ಬೇರೆ ಬೇರೆ ಜಾಗ ಕೇಳುತ್ತಾನೆ.

ಔಷಧ ಪ್ರಯೋಗದವರಿಗೂ ಒಬ್ಬ ಅಧಿಕಮಾಸ ಇದ್ದಾನೆ. ರೋಗಿ ಮೂರನೇ ಭೇಟಿಗೂ ನಾಲ್ಕನೇ ಭೇಟಿಗೂ ನಡುವೆ ಜ್ವರ ಬಂತೆಂದು ಹೇಳದೆ ಕೇಳದೆ ಬಂದುಬಿಡುತ್ತಾರೆ. ಅದಕ್ಕೆ 3.1 ಎಂದು ನಂಬರ್ ಕೊಡುವುದು ರೂಢಿ. ಆದ್ದರಿಂದಲೇ ಅನುಭವಿಗಳು ಮೊದಲಿಗೇ 10, 20, 30 ಎಂದು ನಡುವೆ ಜಾಗ ಬಿಟ್ಟು ಅಂಕಿ ಹಾಕುತ್ತಾರೆ. ಕಾಲೇಜಿನಲ್ಲಿ ಬೇಸಿಕ್ ಭಾಷೆ ಕಲಿತವರಿಗೆ ಪ್ರೋಗ್ರಾಮಿನ ಸಾಲುಗಳಿಗೆ ಹೀಗೆಯೇ ಹತ್ತತ್ತು ಬಿಟ್ಟು ನಂಬರ್ ಹಾಕಿದ್ದು ನೆನಪಿರಬಹುದು. ಮುಂದೆ ಯಾರೋ ಬರುತ್ತಾರೆ ಎಂದು ಪಂಕ್ತಿಯಲ್ಲಿ ಒಂದು ಎಲೆ ಖಾಲಿ ಬಿಡುವ ಸಂಪ್ರದಾಯ ನಮಗೆ ಹೊಸದೇನಲ್ಲವಲ್ಲ.

ಇನ್ನು ವರ್ಷದ ಮೊದಲ ತಿಂಗಳು ಯಾವುದು ಅನ್ನುವುದೂ ಓದುವವರ ಮೇಲೆ ಹೋಗುತ್ತದೆ. ಭಾರತ ಸರ್ಕಾರದ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು, ಕ್ಯಾಲಿಫೋರ್ನಿಯಾ ರಾಜ್ಯದ್ದು ಜುಲೈ 1ಕ್ಕೆ, ಅಮೆರಿಕದ ಕೇಂದ್ರ ಸರ್ಕಾರದ್ದು ಅಕ್ಟೋಬರ್ 1ಕ್ಕೆ. ಬೆಂಗಳೂರಿನ ಶಾಖೆಗೂ ಇಲ್ಲಿನ ಶಾಖೆಗೂ ಒಂದೇ ಟೇಬಲ್ ಕಳಿಸುವವರು ಎರಡು ಅಂಕಿಯ ಕಾಲಂ ಇಟ್ಟುಕೊಳ್ಳಬೇಕು. ವಾರ ಭಾನುವಾರ ಶುರುವೋ ಸೋಮವಾರವೋ ಅನ್ನುವುದು ಮತ್ತೊಂದು ಜಗಳ, ಅದನ್ನು ಇಲ್ಲಿಗೇ ಬಿಡುತ್ತೇನೆ.

ಅಕಾರಾದಿಯೂ ಒಬ್ಬರು ಮಾಡಿದ ಕ್ರಮವೇ

ಇಷ್ಟು ಹೊತ್ತು ಅಕಾರಾದಿಯನ್ನು ಬೈದದ್ದಾಯಿತು. ಆದರೆ ನಮ್ಮ ವರ್ಣಮಾಲೆಯ ಕ್ರಮ ಎ ಬಿ ಸಿ ಡಿಯ ಹಾಗಲ್ಲ. ಎ ಆದ ಮೇಲೆ ಬಿ ಯಾಕೆ ಎಂದು ಕೇಳಿದರೆ ಉಚ್ಚಾರದಲ್ಲಿ ಅದಕ್ಕೆ ಕಾರಣವಿಲ್ಲ. ಕ ಆದ ಮೇಲೆ ಚ ಯಾಕೆ ಎಂದರೆ ಉತ್ತರವಿದೆ. ಕ ಚ ಟ ತ ಪ ಎಂದು ನಿಧಾನವಾಗಿ ಹೇಳಿ ನೋಡಿ. ನಾಲಿಗೆಯ ಕೆಲಸ ಗಂಟಲಿನ ಹತ್ತಿರ ಶುರುವಾಗಿ, ಅಂಗುಳ ದಾಟಿ, ಹಲ್ಲಿಗೆ ಬಂದು, ಕೊನೆಗೆ ತುಟಿ ಮುಚ್ಚುತ್ತದೆ. ಬಾಯಿಯೊಳಗೆ ಹಿಂದಿನಿಂದ ಮುಂದಕ್ಕೆ ಒಂದು ಪ್ರಯಾಣ. ಒಂದೊಂದು ವರ್ಗದೊಳಗೂ ಅಲ್ಪಪ್ರಾಣ, ಮಹಾಪ್ರಾಣ, ಅನುನಾಸಿಕ ಎಂಬ ಶಿಸ್ತು. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವಾಗ ಕನ್ನಡದ ಅಕ್ಷರಗಳನ್ನು ಕೂತು ವಿಂಗಡಿಸಿದ್ದೂ ಈ ಪರಂಪರೆಯಲ್ಲೇ. ಅಂದರೆ ನಮ್ಮ ಅಕಾರಾದಿಯೇ ತಿಳಿದವರು ಯೋಚಿಸಿ ಮಾಡಿದ ಒಂದು ಕಸ್ಟಮ್ ಸಾರ್ಟ್!

ಕಂಪ್ಯೂಟರು ಈ ಕ್ರಮವನ್ನು ಹಾಗೇ ಉಳಿಸಿಕೊಂಡಿದೆಯೇ? ಬಹುಪಾಲು ಉಳಿಸಿಕೊಂಡಿದೆ, ಒಂದೆರಡು ಕಡೆ ಎಡವಿದೆ. ಯೂನಿಕೋಡ್ ಸಂಸ್ಥೆ 1991ರಲ್ಲಿ ನೋಂದಣಿಯಾದದ್ದು ನಮ್ಮ ಕ್ಯಾಲಿಫೋರ್ನಿಯಾದಲ್ಲೇ. ಅದೇ ವರ್ಷ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಅದಕ್ಕೆ ಆಧಾರ ಭಾರತದ ಇಸ್ಕಿ ಎಂಬ ಮಾನದಂಡದ 1988ರ ಆವೃತ್ತಿ. ಇಸ್ಕಿಯ ಉದ್ದೇಶ ದೇವನಾಗರಿ, ತೆಲುಗು, ತಮಿಳು, ಕನ್ನಡ ಎಲ್ಲಕ್ಕೂ ಒಂದೇ ಅಚ್ಚು ಇರಲಿ, ಒಂದು ಲಿಪಿಯಿಂದ ಇನ್ನೊಂದಕ್ಕೆ ಬದಲಾಯಿಸುವುದು ಸುಲಭವಾಗಲಿ ಎಂಬುದು. ಒಳ್ಳೆಯ ಉದ್ದೇಶವೇ. ಆದರೆ ಆ ಸಮಾನ ಅಚ್ಚಿನಲ್ಲಿ ಳ ಬಂದು ಕೂತದ್ದು ಲ ಪಕ್ಕದಲ್ಲಿ, ವ ಶ ಷ ಸ ಹ ಬರುವುದಕ್ಕೆ ಮುಂಚೆ. ನಾವು ಶಾಲೆಯಲ್ಲಿ ಕಲಿತದ್ದು ಯ ರ ಲ ವ ಶ ಷ ಸ ಹ ಳ, ಕಟ್ಟಕಡೆಗೆ ಳ.

ಕನ್ನಡದಲ್ಲಿ ಳ ಅಕ್ಷರದಿಂದ ಪದ ಶುರುವಾಗುವುದಿಲ್ಲವಲ್ಲ, ಏನು ನಷ್ಟ ಅನ್ನಬಹುದು. ಪದದ ನಡುವೆ ಬಂದಾಗ ಗೊತ್ತಾಗುತ್ತದೆ. ಬರೀ ಸಂಕೇತದ ಅಂಕಿ ನೋಡಿ ಜೋಡಿಸಿದರೆ ಮಲ್ಲಿಗೆ, ಮಳೆ, ಮಸಾಲೆ. ನಮ್ಮ ವರ್ಣಮಾಲೆಯಂತೆ ಮಲ್ಲಿಗೆ, ಮಸಾಲೆ, ಮಳೆ. ನಿಘಂಟಿನಲ್ಲಿ ಪದ ಹುಡುಕಿ ಬೆಳೆದವರ ಬೆರಳು ಮಳೆಯನ್ನು ಹುಡುಕಿಕೊಂಡು ಹೋಗುವುದು ಕೊನೆಗೆ, ಅದು ಕೂತಿರುವುದು ನಡುವೆ. ಹಳಗನ್ನಡದ ೞ ಅಕ್ಷರದ ಕಥೆ ಇನ್ನೂ ಸ್ವಾರಸ್ಯ. ಯೂನಿಕೋಡಿನಲ್ಲಿ ಅದಕ್ಕೆ ‘ಫ’ ಎಂದು ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಹಾಗಿಲ್ಲ ಎಂಬುದು ಅವರ ಕಟ್ಟುನಿಟ್ಟು. ಹಾಗಾಗಿ ಹೆಸರು ಹಾಗೇ ಇದೆ, ಇದು ತಪ್ಪು ಎಂಬ ಒಂದು ಟಿಪ್ಪಣಿ ಮಾತ್ರ ಪಕ್ಕದಲ್ಲಿದೆ.

ಸಂಕೇತದ ಅಂಕಿ ಬೇರೆ, ಭಾಷೆಯ ಕ್ರಮ ಬೇರೆ ಎಂದು ಯೂನಿಕೋಡಿನವರೂ ಒಪ್ಪುತ್ತಾರೆ. ಅದಕ್ಕಾಗಿಯೇ ಒಂದೊಂದು ಭಾಷೆಗೂ ಪ್ರತ್ಯೇಕ ಜೋಡಣೆಯ ನಿಯಮಗಳನ್ನು ಕೊಟ್ಟಿದ್ದಾರೆ, ಕನ್ನಡಕ್ಕೂ ಇದೆ. ಅದನ್ನು ಬಳಸುವುದು ಬಿಡುವುದು ಡೇಟಾಬೇಸ್ ಹೊಂದಿಸುವವರ ಕೈಯಲ್ಲಿದೆ. ಕೊಲೇಷನ್ ಎಂಬ ಆಯ್ಕೆ ಬಂದಾಗ ಕಣ್ಣುಮುಚ್ಚಿ ಮುಂದೆ ಹೋದರೆ ಕನ್ನಡದ ಕ್ರಮ ಸಿಗುವ ಭರವಸೆಯಿಲ್ಲ. ಕೇಳುವವರು ಕೇಳಿದರೆ ಸಿಗುತ್ತದೆ. ಕನ್ನಡದ ಪಟ್ಟಿ ಕನ್ನಡದ ಕ್ರಮದಲ್ಲೇ ಬರಬೇಕು ಎಂದು ಕೇಳಬೇಕಾದವರು ನಾವಲ್ಲದೆ ಇನ್ಯಾರು?

ಮೊದಲ ಸಾಲಿನ ಬೆಲೆ

ಸಾಲಿನಲ್ಲಿ ಮೊದಲು ನಿಲ್ಲುವುದಕ್ಕೆ ನಿಜಕ್ಕೂ ಅಷ್ಟು ಬೆಲೆಯಿದೆಯೇ ಎಂದು ಅನುಮಾನವಿದ್ದರೆ ನಮ್ಮ ರಾಜ್ಯದ ಮತಪತ್ರ ನೋಡಿ. ಸಾಂಟಾ ಮೋನಿಕಾ ನಗರದಲ್ಲಿ ಹಾಲಿ ಸದಸ್ಯರ ಹೆಸರನ್ನು ಮತಪತ್ರದಲ್ಲಿ ಮೊದಲು ಹಾಕುವ ಪದ್ಧತಿಯಿತ್ತು. 1975ರಲ್ಲಿ ಗೌಲ್ಡ್ ವಿರುದ್ಧ ಗ್ರಬ್ ಎಂಬ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅಕ್ಷರಕ್ರಮದಲ್ಲಿ ಹಾಕುವುದೂ ನ್ಯಾಯವಲ್ಲ ಎಂದಿತು. ಮೊದಲ ಹೆಸರಿಗೆ ಸುಮ್ಮನೆ ಒಂದಿಷ್ಟು ಹೆಚ್ಚು ಮತ ಬೀಳುತ್ತದೆ, ಎ ಅಕ್ಷರದವರಿಗೆ ಆ ಲಾಭ ಪ್ರತಿ ಸಲವೂ ಯಾಕೆ ಎಂಬುದು ವಾದದ ತಿರುಳು.

ಈಗ ಇಲ್ಲಿ ರಾಜ್ಯಮಟ್ಟದ ಚುನಾವಣೆಗಳಿಗೆ ಮುಂಚೆ ಇಪ್ಪತ್ತಾರು ಅಕ್ಷರಗಳನ್ನು ಚೀಟಿ ಎತ್ತಿ, ಆ ಚುನಾವಣೆಗೆ ಮಾತ್ರ ಅನ್ವಯಿಸುವ ಹೊಸ ವರ್ಣಮಾಲೆ ಮಾಡುತ್ತಾರೆ! 2003ರಲ್ಲಿ ರಾಜ್ಯಪಾಲರನ್ನು ವಾಪಸ್ ಕರೆಸಿದ ಚುನಾವಣೆ ನೆನಪಿದೆಯಲ್ಲ, ಆರ್ನಾಲ್ಡ್ ಶ್ವಾರ್ಜ್‌ನೆಗರ್ ಗೆದ್ದದ್ದು? ಕಣದಲ್ಲಿ 135 ಜನ. ಆ ಸಲದ ವರ್ಣಮಾಲೆ ಆರ್, ಡಬ್ಲ್ಯೂ, ಕ್ಯೂ ಎಂದು ಶುರುವಾಗಿತ್ತು. ಅದೂ ಸಾಲದು ಎಂದು ರಾಜ್ಯದ 80 ಅಸೆಂಬ್ಲಿ ಕ್ಷೇತ್ರಗಳಲ್ಲಿ ಒಂದೊಂದರಲ್ಲೂ ಮೊದಲ ಹೆಸರನ್ನು ಕೊನೆಗೆ ಕಳಿಸುತ್ತ ಹೋಗುತ್ತಾರೆ.

ಭಾರತದಲ್ಲಿ ಬೇರೆ ದಾರಿ. ಮೊದಲು ಮಾನ್ಯತೆ ಪಡೆದ ಪಕ್ಷಗಳ ಅಭ್ಯರ್ಥಿಗಳು, ಆಮೇಲೆ ನೋಂದಾಯಿತ ಆದರೆ ಮಾನ್ಯತೆಯಿಲ್ಲದ ಪಕ್ಷದವರು, ಕೊನೆಗೆ ಪಕ್ಷೇತರರು. ಒಂದೊಂದು ಗುಂಪಿನೊಳಗೆ ಅಕ್ಷರಕ್ರಮ. 2013ರಿಂದ ಎಲ್ಲರ ಕೆಳಗೆ ನೋಟಾ. ನಮ್ಮ ವೃತ್ತಿಯ ಭಾಷೆಯಲ್ಲಿ ಇದು ಗುಂಪಿನ ಅಂಕಿ ಮೊದಲು, ಹೆಸರು ಆಮೇಲೆ ಎಂಬ ಎರಡು ಹಂತದ ಸಾರ್ಟ್. ಯಾವುದು ಹೆಚ್ಚು ನ್ಯಾಯ ಎಂಬ ಚರ್ಚೆ ಮಾಡಬಹುದು. ಎರಡೂ ಕಡೆ ಒಂದು ವಿಷಯ ಸಮಾನ. ಕ್ರಮ ತಾನಾಗಿ ಬಂದದ್ದಲ್ಲ, ಯಾರೋ ಜವಾಬ್ದಾರಿ ಹೊತ್ತು ತೀರ್ಮಾನಿಸಿ, ಬರೆದಿಟ್ಟಿದ್ದಾರೆ.

ನಮ್ಮ ಮನೆಯ ಪಟ್ಟಿ

ಕೊನೆಗೆ ನಮ್ಮ ಬುಡಕ್ಕೆ ಬರೋಣ. ಕನ್ನಡ ಕೂಟಗಳ ಸದಸ್ಯರ ಪಟ್ಟಿ ಮಾಡುವ ಸ್ವಯಂಸೇವಕರ ಕಷ್ಟ ಅವರಿಗೇ ಗೊತ್ತು. ಲಾಸ್ಟ್ ನೇಮ್ ಪ್ರಕಾರ ಜೋಡಿಸೋಣ ಅಂದರೆ ನಮ್ಮಲ್ಲಿ ಅನೇಕರಿಗೆ ಲಾಸ್ಟ್ ನೇಮೇ ಇಲ್ಲ. ಒಬ್ಬರದು ಅಪ್ಪನ ಹೆಸರು, ಇನ್ನೊಬ್ಬರದು ಊರಿನ ಹೆಸರು, ಮತ್ತೊಬ್ಬರದು ಪಾಸ್‌ಪೋರ್ಟಿನವರು ಇನಿಷಿಯಲ್ ಬಿಡಿಸಿ ಮಾಡಿದ ಹೆಸರು. ಗಂಡ ಒಂದು ಪುಟದಲ್ಲಿ, ಹೆಂಡತಿ ನಾಲ್ಕು ಪುಟ ಆಚೆ. ಶ್ರೀನಿವಾಸ ಎಂಬ ಒಂದೇ ಹೆಸರು ಇಂಗ್ಲಿಷಿನಲ್ಲಿ ಎಸ್-ಆರ್-ಐ, ಎಸ್-ಎಚ್-ಆರ್-ಐ, ಎಸ್-ಆರ್-ಡಬಲ್ ಇ ಎಂದು ಮೂರು ಕಡೆ ಚೆದುರುತ್ತದೆ. ಕನ್ನಡದಲ್ಲಿ ಬರೆದರೆ ಮೂವರೂ ಒಟ್ಟಿಗೆ.

ಇದಕ್ಕೆ ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಎಕ್ಸೆಲ್ ಹಾಳೆಯಲ್ಲಿ ಮೂರು ಕಾಲಂ ಹೆಚ್ಚು ಸೇರಿಸಿದರೆ ಸಾಕು. ಮನೆಗೊಂದು ಕುಟುಂಬದ ಅಂಕಿ, ಕರೆಯುವ ಹೆಸರು ಕನ್ನಡ ಲಿಪಿಯಲ್ಲಿ, ಮತ್ತು ಮನೆಯೊಳಗಿನ ಕ್ರಮಕ್ಕೊಂದು ಅಂಕಿ. ಆ ಕೊನೆಯ ಅಂಕಿಯಲ್ಲಿ ಅಜ್ಜಿಗೆ 10 ಕೊಡುತ್ತೀರೋ ಮಗುವಿಗೆ 10 ಕೊಡುತ್ತೀರೋ ನಿಮ್ಮ ಮನೆಯ ತೀರ್ಮಾನ. ಹಬ್ಬಗಳ ಪಟ್ಟಿಗೂ ಅಷ್ಟೇ. ಯುಗಾದಿಗೆ 10, ಗಣೇಶನಿಗೆ 20, ರಾಜ್ಯೋತ್ಸವಕ್ಕೆ 30, ಸಂಕ್ರಾಂತಿಗೆ 40. ನಡುವೆ ದೀಪಾವಳಿಗೆ ಜಾಗ ಬೇಕಾದರೆ ಇದ್ದೇ ಇದೆ, ಮತ್ತು ಅದು ರಾಜ್ಯೋತ್ಸವದ ಹಿಂದೋ ಮುಂದೋ ಎಂಬುದು ಆ ವರ್ಷದ ಪಂಚಾಂಗ ನೋಡಿ ಹೇಳಬೇಕಾದ ಮಾತು.

ಕಂಪ್ಯೂಟರಿಗೆ ಹೇಳದೆ ಬಿಟ್ಟದ್ದನ್ನು ಅದು ತನಗೆ ತೋಚಿದ ಹಾಗೆ ತುಂಬಿಕೊಳ್ಳುತ್ತದೆ. ಹಾಗಾಗಿ ಮುಂದಿನ ಸಲ ಯಾವುದೇ ಟೇಬಲ್ ಕಣ್ಣಿಗೆ ಬಿದ್ದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಸಾಲನ್ನು ನಿಲ್ಲಿಸಿದವರು ಯಾರು? ಬಲ್ಲವರು ಕೂತು ನಿಲ್ಲಿಸಿದ್ದೋ, ಯಾರೂ ಹೇಳದೆ ತಾನಾಗಿ ನಿಂತದ್ದೋ? ಕೆಳಗಿನ ಸಾಲುಗಳನ್ನೂ ಒಮ್ಮೆ ಇಳಿದು ನೋಡಿ. ಮುಖ್ಯವಾದದ್ದು ಅಲ್ಲಿ ಕೂತಿದ್ದರೂ ಕೂತಿರಬಹುದು.

ಏನಂತೀರಿ?